ಮಕ್ಕಳ ಸಾಲು

ಈಸ್ಟರ್ ಹಬ್ಬ ಅಂದರೆ ಮೊದಲು ನನ್ನ ಮೂಗಿಗೆ ಬರುವುದು ಕಮ್ಯುನಿಸ್ಟ್ ಗಿಡದ ವಾಸನೆ. ನಗಬೇಡಿ. ನಮ್ಮ ಕಡೆ ಗುಡ್ಡೆಯಲ್ಲಿ, ಮಾರ್ಗದ ಬದಿಯಲ್ಲಿ, ಎಲ್ಲಿ ಒಂದು ವರ್ಷ ಜಾಗ ಖಾಲಿ ಬಿಟ್ಟರೂ ಎದ್ದು ನಿಲ್ಲುವ ಆ ಪೊದೆಗೆ ಆ ಹೆಸರು ಯಾರು ಇಟ್ಟರೋ ಗೊತ್ತಿಲ್ಲ, ನಾನು ಹುಟ್ಟುವಾಗಲೇ ಅದರ ಹೆಸರು ಅದೇ. ಕತ್ತಿ ತಾಗಿದ ಕೂಡಲೇ ಒಂದು ಹಸಿ ಕಟು ವಾಸನೆ ಏಳುತ್ತದೆ, ಕೈ ತೊಳೆದರೂ ಸಂಜೆಯವರೆಗೆ ಬೆರಳಿನಿಂದ ಹೋಗುವುದಿಲ್ಲ. ಮೊನ್ನೆ ಗುರುವಾಯನಕೆರೆಯಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ಕೆಲಸದವರು ಮಾರ್ಗದ ಬದಿಯ ಪೊದೆ ಸವರುತ್ತಿದ್ದರು. ಆ ವಾಸನೆ ಬಂತು ನೋಡಿ, ಐವತ್ತು ದಾಟಿದ ನಾನು, ಒಂದು ಸಭೆಯ ಪಾದ್ರಿ, ಎಷ್ಟೋ ಮನೆಯವರ ಅಳುವನ್ನು ಸಮಾಧಾನ ಮಾಡಿದವಳು, ಬಸ್‌ಸ್ಟ್ಯಾಂಡಿನಲ್ಲಿ ನಿಂತು ಕಣ್ಣು ಒರೆಸಿಕೊಂಡೆ. ಅಷ್ಟರಲ್ಲಿ ಮೂಡಬಿದಿರೆಯ ಬಸ್ಸು ಬಂದು ಹೋಯಿತು, ನಾನು ಹತ್ತಲಿಲ್ಲ.

ನನ್ನ ಅಪ್ಪನೂ ಪಾದ್ರಿಯಾಗಿದ್ದರು. ನಾಲ್ಕೈದು ವರ್ಷಕ್ಕೊಮ್ಮೆ ವರ್ಗವಾಗುವ ಕೆಲಸ. ಬೆಳ್ತಂಗಡಿ ಕಡೆಯ ಒಂದು ಸಣ್ಣ ಚರ್ಚಿನ ಸಭೆ, ಆಮೇಲೆ ಬಂಟ್ವಾಳ, ಆಮೇಲೆ ಬಹಳ ವರ್ಷ ಮೂಡಬಿದಿರೆ. ನಮಗೆ ಸ್ವಂತ ಮನೆ ಅಂತ ಇರಲಿಲ್ಲ. ಇದ್ದದ್ದು ಪಾದ್ರಿ ಬಂಗ್ಲೆ, ಹೆಸರಿಗೆ ಬಂಗ್ಲೆ, ಮಳೆಗಾಲದಲ್ಲಿ ಆರು ಕಡೆ ಪಾತ್ರೆ ಇಡಬೇಕು. ಮಲಗುವುದಕ್ಕೆ ಒಂದೇ ಕೋಣೆ. ಗೋಡೆಯ ಬದಿಯಲ್ಲಿ ಅಪ್ಪ, ನಡುವೆ ನಾನು ಮತ್ತು ತಮ್ಮ, ಬಾಗಿಲ ಬದಿಯಲ್ಲಿ ಅಮ್ಮ. ಯಾವ ಊರಿಗೆ ವರ್ಗವಾಗಲಿ, ಚಾಪೆ ಹಾಸುವ ಕ್ರಮ ಮಾತ್ರ ಬದಲಾಗುತ್ತಿರಲಿಲ್ಲ. ನೆಂಟರ ಮಕ್ಕಳು ಬಂದರೆ ಅವರೂ ನಡುವೆಯೇ. "ಮಕ್ಕಳು ನಡುವೆ ಇದ್ದರೆ ನನಗೆ ನಿದ್ದೆ ಬರ್ತದೆ" ಎನ್ನುತ್ತಿದ್ದಳು ಅಮ್ಮ.

ಅಪ್ಪ ದೇವರ ಹತ್ತಿರ ಕನ್ನಡದಲ್ಲಿ ಮಾತಾಡುತ್ತಿದ್ದರು, ನಮ್ಮ ಹತ್ತಿರ ತುಳುವಿನಲ್ಲಿ. ಭಾನುವಾರದ ಆರಾಧನೆಯಲ್ಲಿ ಅವರು ಮಾಡುವ ಪ್ರಸಂಗದ ಕನ್ನಡ ಇಸ್ತ್ರಿ ಹಾಕಿದ ಕನ್ನಡ. ಆದರೆ ಆ ಪ್ರಸಂಗವನ್ನು ಅವರು ಎಂದೂ ಮೇಜಿನ ಮುಂದೆ ಕೂತು ಬರೆದವರಲ್ಲ. ಶನಿವಾರ ಬೆಳಗ್ಗೆ ವೇದಪುಸ್ತಕವನ್ನು ಒಂದು ಬಟ್ಟೆಯ ಚೀಲದಲ್ಲಿ ಹಾಕಿ ಗುಡ್ಡೆಗೆ ಹೋಗುವರು. ಕುರಿ ಕಾಯುವವರು, ಮೀನು ಹಿಡಿಯುವವರು, ಬಾವಿಗೆ ನೀರಿಗೆ ಬಂದ ಹೆಂಗಸರು, ಇವರ ಕತೆಯೇ ಅದರಲ್ಲಿರುವುದು, ಅದನ್ನು ನಾಲ್ಕು ಗೋಡೆಯ ಒಳಗೆ ಓದಿದರೆ ಅದಕ್ಕೆ ಉಸಿರು ಕಟ್ಟುತ್ತದೆ ಎಂದು ಅವರ ವಾದ. ಗೇರುಮರದ ಕೆಳಗೆ ಕೂತು ಓದುವರು, ಎದ್ದು ನಾಲ್ಕು ಹೆಜ್ಜೆ ನಡೆಯುವರು, ಪುನಃ ಕೂರುವರು. ಅವರ ವೇದಪುಸ್ತಕದ ಪುಟಗಳಲ್ಲಿ ಗೇರುಹಣ್ಣಿನ ಕಲೆ ಇತ್ತು, ಕೆಂಪು ಇರುವೆ ಒಂದು ಒಣಗಿ ಅಂಟಿಕೊಂಡಿತ್ತು. ಸಭೆಯ ಹಿರಿಯರಿಗೆ ಇದು ಅಷ್ಟು ಸರಿ ಕಾಣುತ್ತಿರಲಿಲ್ಲ. ಅಪ್ಪ ತಲೆ ಕೆಡಿಸಿಕೊಳ್ಳಲಿಲ್ಲ.

ವರ್ಷದಲ್ಲಿ ಒಂದು ಶನಿವಾರ ಮಾತ್ರ ಅವರು ಒಬ್ಬರೇ ಹೋಗುತ್ತಿರಲಿಲ್ಲ, ನಾವೆಲ್ಲ ಹೋಗುತ್ತಿದ್ದೆವು. ಅದು ಈಸ್ಟರಿನ ಹಿಂದಿನ ದಿನ. ನಮ್ಮವರಲ್ಲಿ ಅಂದು ಸಮಾಧಿ ಕ್ಲೀನ್ ಮಾಡುವ ಕ್ರಮ ಉಂಟು. ಹುಲ್ಲು ಪೊದೆ ಸವರಿ, ಮಣ್ಣು ಏರಿಸಿ, ಸುಣ್ಣ ಬಳಿದು, ಹೂ ಇಟ್ಟು, ಮಾರನೆಯ ದಿನ ಬೆಳಕು ಹರಿಯುವ ಮೊದಲು ಸಭೆಯವರೆಲ್ಲ ಸ್ಮಶಾನದಲ್ಲಿ ಸೇರಿ ಹಾಡುವುದು. ಎಲ್ಲರಿಗೂ ಅವರವರ ಊರಿನಲ್ಲೇ ಸಮಾಧಿ. ನಮಗೆ ಮಾತ್ರ ಬಸ್ಸು ಹತ್ತಿ ಹೋಗಬೇಕು, ಏಕೆಂದರೆ ನನ್ನ ಅಕ್ಕ ಕರುಣಾ ಇದ್ದದ್ದು ಅಪ್ಪನ ಮೊದಲ ಸಭೆಯ ಸ್ಮಶಾನದಲ್ಲಿ, ಗುರುವಾಯನಕೆರೆಯಿಂದ ನಾರಾವಿ ಕಡೆಗೆ ಹೋಗುವಾಗ ಇಳಿದು ನಡೆಯಬೇಕಾದ ಒಂದು ಗುಡ್ಡೆಯ ಪಕ್ಕ. ಹತ್ತೊಂಬತ್ತು ದಿನ ಬದುಕಿದ ಕೂಸು. ನಾನು ಅವಳನ್ನು ನೋಡಿದವಳಲ್ಲ. ಆದರೂ ಶಾಲೆಯಲ್ಲಿ ಯಾರಾದರೂ ಕೇಳಿದರೆ ನನಗೊಬ್ಬಳು ಅಕ್ಕ ಇದ್ದಾಳೆ ಎಂದೇ ಹೇಳುತ್ತಿದ್ದೆ.

ಸ್ಮಶಾನದ ಮೇಲಿನ ಬದಿಯಲ್ಲಿ, ಗುಡ್ಡೆ ಕಡಿದ ಎತ್ತರದ ಮಣ್ಣಿನ ಬರೆಯ ಕೆಳಗೆ, ಸಣ್ಣ ದಿಬ್ಬಗಳ ಒಂದು ಸಾಲು. ಅದಕ್ಕೆ ಮಕ್ಕಳ ಸಾಲು ಎಂದೇ ಹೆಸರು. ಹನ್ನೊಂದು ದಿಬ್ಬ. ಹೆಚ್ಚಿನವಕ್ಕೆ ಹೆಸರಿಲ್ಲ, ಬರುವವರೂ ಇಲ್ಲ. ಗೇಟಿನಿಂದ ದೂರದ ತುದಿಯಲ್ಲಿ ಒಂದು ದೊಡ್ಡ ಕಾಟುಮಾವಿನ ಮರ, ಅದರ ಹತ್ತಿರದ ದಿಬ್ಬದ ಮೇಲೆ ಒಂದು ಕೆಂಪು ಮುರಕಲ್ಲು, ಕಲ್ಲಿನ ಮೇಲೆ ಅಪ್ಪ ಉಳಿಯಿಂದ ಕೆತ್ತಿದ ಓರೆಯಾದ ಶಿಲುಬೆ. ಅದು ಕರುಣಾಳದ್ದು. ಮೂಡು ಬದಿಗೆ ನೋಡಿದರೆ ಚಾರ್ಮಾಡಿ ಕಡೆಯ ಘಟ್ಟ ನೀಲಿಯಾಗಿ ಕಾಣುತ್ತಿತ್ತು. ಅಪ್ಪ ಪ್ರಾರ್ಥನೆ ಮಾಡಿ, ಮಾವಿನ ಬುಡದಲ್ಲಿ ಕೂತು, ಮಾರನೆಯ ದಿನದ ಪ್ರಸಂಗ ಬರೆಯಲು ಶುರು ಮಾಡುವರು. ಅಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಕತ್ತಿ ಹಿಡಿಯುವಳು.

ಈಗ ನಮ್ಮ ಕಷ್ಟ ಕೇಳಿ. ಬೇರೆಯವರು ಅವರ ಒಂದು ಸಮಾಧಿ ಮುಗಿಸಿ ಹೊರಡುತ್ತಿದ್ದರು. ಅಮ್ಮ ಹನ್ನೊಂದನ್ನೂ ಮಾಡಬೇಕು. ಬಾಗಿಲ ಬದಿಯ, ಎಂದರೆ ಗೇಟಿನ ಬದಿಯ ಮೊದಲ ದಿಬ್ಬದಿಂದ ಶುರು ಮಾಡಿ, ಒಂದೊಂದರ ಪೊದೆ ಸವರಿ, ಬೇರು ಕಿತ್ತು, ಮಣ್ಣು ತಟ್ಟಿ, ಮರದ ಬುಡಕ್ಕೆ ಬರುವಾಗ ಮಧ್ಯಾಹ್ನ ತಿರುಗಿರುತ್ತಿತ್ತು. ಆಮೇಲೆ ಕ್ರಿಸ್‌ಮಸ್ಸಿಗೆ ಉರಿಸಿ ಉಳಿದ ಮೇಣದಬತ್ತಿಯ ತುಂಡುಗಳನ್ನು ಹನ್ನೊಂದರ ಮೇಲೂ ಹಚ್ಚುವಳು. ಆ ಬಿಸಿಲಲ್ಲಿ ಉರಿ ಕಾಣುತ್ತಿರಲಿಲ್ಲ, ಮೇಣ ಕರಗಿದ್ದರಿಂದ ಉರಿಯುತ್ತಿದೆ ಎಂದು ಗೊತ್ತಾಗಬೇಕು. ನನಗೆ ಹಸಿವು, ತಮ್ಮನಿಗೆ ನಿದ್ದೆ. ಹತ್ತಿರದ ಮನೆಯ ಗಿರಿಜಕ್ಕ ಒಂದು ತಂಬಿಗೆ ಮಜ್ಜಿಗೆ ತಂದು, "ಪಾದ್ರಿಗಳೇ, ನಿಮ್ಮ ಹೆಂಡತಿಗೆ ಸ್ವಲ್ಪ ಕೂರಲಿಕ್ಕೆ ಹೇಳಿ ಮಾರಾಯ್ರೆ" ಎನ್ನುವಳು. ಅಪ್ಪ ತಲೆ ಎತ್ತಿ ನೋಡಿ ಪುನಃ ಬರೆಯುವರು. ಒಂದು ವರ್ಷ, ನನಗೆ ಒಂಬತ್ತೋ ಹತ್ತೋ ಇರಬೇಕು, ನಾನು ಕೇಳಿಯೇ ಬಿಟ್ಟೆ, ನಮ್ಮದು ಒಂದೇ ಅಲ್ಲವಾ, ಬೇರೆಯವರದ್ದು ನಾವು ಯಾಕೆ ಮಾಡಬೇಕು ಎಂದು. ಅಮ್ಮ ಬೇರು ಕೀಳುತ್ತಲೇ, "ಎಲ್ಲಾ ಮಾಡಿದರೆ ನಮ್ಮದೂ ಆಗ್ತದೆ. ಸುಮ್ಮನೆ ಮಣ್ಣು ಹಿಡಿ" ಎಂದಳು. ಪಾದ್ರಿಯ ಹೆಂಡತಿ, ದೊಡ್ಡ ಮನಸ್ಸು ಎಂದುಕೊಂಡೆ. ಸ್ವಲ್ಪ ಸಿಟ್ಟೂ ಬಂತು.

ನಾನು ಮಂಗಳೂರಿನಲ್ಲಿ ದೇವಶಾಸ್ತ್ರ ಓದಿ, ಅಭಿಷೇಕವಾಗಿ, ಬಂಟ್ವಾಳದ ಹತ್ತಿರದ ಒಂದು ಸಭೆಗೆ ಬಂದೆ. ಅಪ್ಪ ನಿವೃತ್ತರಾಗಿ ಮೂಡಬಿದಿರೆಯಲ್ಲೇ ಬಾಡಿಗೆ ಮನೆಯಲ್ಲಿದ್ದರು. ಒಂದು ಶುಭ ಶುಕ್ರವಾರ ಅಪ್ಪ ಅಮ್ಮ ಇಬ್ಬರೂ ನನ್ನ ಸಭೆಯ ಆರಾಧನೆಗೆ ಬಂದಿದ್ದರು, ಮಾರನೆಯ ದಿನ ಅಲ್ಲಿಂದಲೇ ಸ್ಮಶಾನಕ್ಕೆ ಹೋಗುವ ಎಂದು ಮಾತಾಗಿತ್ತು. ಸಂಜೆ ಅಮ್ಮ ಒಳಗೆ ಗಂಜಿಗೆ ಇಟ್ಟಿದ್ದಳು. ಜಗಲಿಯಲ್ಲಿ ಕೂತಿದ್ದ ಅಪ್ಪ ನನ್ನನ್ನು ಕರೆದು, ಕನ್ನಡದಲ್ಲಿ ಶುರು ಮಾಡಿದರು. ನನಗೆ ಭಯವಾಯಿತು. ಮನೆಯಲ್ಲಿ ಅವರು ಕನ್ನಡ ಆಡಿದ್ದನ್ನು ನಾನು ಕೇಳಿದ್ದು ಪ್ರಾರ್ಥನೆಯಲ್ಲಿ ಮಾತ್ರ.

"ಸುನೀತಾ, ನೀನು ಇದನ್ನು ಮಗಳಾಗಿ ಕೇಳಬೇಡ, ಪಾದ್ರಿಯಾಗಿ ಕೇಳು. ಕರುಣಾಳ ಕಲ್ಲಿನ ಕೆಳಗೆ ಕರುಣಾ ಇಲ್ಲ. ಎಲ್ಲಿದ್ದಾಳೆಂದು ನನಗೆ ಗೊತ್ತಿಲ್ಲ."

ಕರುಣಾ ಹೋದ ಮರುವರ್ಷ ಅವರಿಗೆ ಬಂಟ್ವಾಳಕ್ಕೆ ವರ್ಗವಾಗಿತ್ತು. ಆ ಮಳೆಗಾಲದಲ್ಲಿ ಬರೆ ಜರಿದು ಮಕ್ಕಳ ಸಾಲಿನ ಮೇಲೆ ಬಿತ್ತು. ಮರದ ಶಿಲುಬೆಗಳೆಲ್ಲ ಮಣ್ಣಿನೊಟ್ಟಿಗೆ ಹೋದವು. ಸಭೆಯವರು ಮಣ್ಣು ತೆಗೆದು, ಸಭೆಯ ಪುಸ್ತಕದಲ್ಲಿ ಹನ್ನೊಂದು ಹೆಸರು ಇದ್ದದ್ದನ್ನು ನೋಡಿ, ಅಂದಾಜಿನ ಮೇಲೆ ಹನ್ನೊಂದು ದಿಬ್ಬ ಮಾಡಿದರು. ಇದನ್ನೆಲ್ಲ ಬರೆದ ಸಭೆಯವರ ಕಾಗದ ಅಪ್ಪನಿಗೆ ಬಂದಾಗ ನಾನು ಅಮ್ಮನ ಹೊಟ್ಟೆಯಲ್ಲಿದ್ದೆ. ಅಮ್ಮ ಆಗ ಊಟ ಬಿಟ್ಟು ಗೋಡೆ ನೋಡಿಕೊಂಡು ಮಲಗುತ್ತಿದ್ದಳಂತೆ. ಮೊದಲ ಕೂಸು ಹೋಗಿದೆ, ಈಗ ಅದರ ಗುರುತೂ ಹೋಯಿತು ಎಂದರೆ ಇವಳು ಉಳಿಯುವುದಿಲ್ಲ ಎಂದು ಅಪ್ಪನಿಗೆ ಕಂಡಿತು. ಒಬ್ಬರೇ ಹೋಗಿ, ಯಾವುದೋ ಒಂದು ದಿಬ್ಬದ ಮೇಲೆ ಕಲ್ಲಿಟ್ಟು ಬಂದರು. ನಿನಗಾಗಿ ಮರದ ಶಿಲುಬೆ ತೆಗೆದು ಗಟ್ಟಿ ಕಲ್ಲು ಇಟ್ಟಿದ್ದೇನೆ ಎಂದು ಅಮ್ಮನಿಗೆ ಹೇಳಿದರು. "ನಲವತ್ತು ವರ್ಷ ಸತ್ಯದ ಬಗ್ಗೆ ಪ್ರಸಂಗ ಮಾಡಿದೆ. ಒಂದೊಂದು ಈಸ್ಟರಿನ ಪ್ರಸಂಗವನ್ನೂ ಆ ಸುಳ್ಳಿನ ಪಕ್ಕದಲ್ಲೇ ಕೂತು ಬರೆದದ್ದು. ಸಾಯುವ ಮೊದಲು ಅವಳಿಗೆ ಹೇಳಬೇಕಾ, ಬೇಡವಾ?"

ಹೇಳಬೇಕು ಎಂದೆ. ಪರೀಕ್ಷೆಯಲ್ಲಿ ಉತ್ತರ ಬರೆದ ಹಾಗೆ, ಒಂದು ಕ್ಷಣವೂ ಯೋಚಿಸದೆ ಹೇಳಿಬಿಟ್ಟೆ. ಪಾದ್ರಿಯಾಗಿ ಕೇಳು ಎಂದಿದ್ದರಲ್ಲ. ಅಪ್ಪ ತಲೆಯಾಡಿಸಿ ಒಳಗೆ ಹೋದರು. ನಾನು ಜಗಲಿಯಲ್ಲಿ ಕೂತು, ಎಪ್ಪತ್ತು ದಾಟಿದ ಅಮ್ಮನಿಂದ ಅವಳ ಕೂಸನ್ನು ಇನ್ನೊಮ್ಮೆ ತೆಗೆಯಲು ಹೇಳಿದೆನಲ್ಲ ಎಂದು ಹೆದರಿದೆ. ನನ್ನ ಇಷ್ಟು ವರ್ಷದ ಕೆಲಸದಲ್ಲಿ ಅಷ್ಟು ಹೆದರಿದ್ದು ಅದೊಂದೇ ಸಲ.

ಮಾರನೆಯ ದಿನ ಸ್ಮಶಾನ ಎಂದಿನ ಹಾಗೆಯೇ ಇತ್ತು. ಗೇರುಹಣ್ಣು ಬಿದ್ದು ಕೊಳೆತ ವಾಸನೆ, ಸೆಕೆ, ಎದೆಯೆತ್ತರ ಕಮ್ಯುನಿಸ್ಟ್. ಅಮ್ಮ ಗೇಟಿನ ಬದಿಯಿಂದ ಶುರು ಮಾಡಿದ್ದಳು, ಈಗ ಕೂತು ಕೂತು ಸರಿಯುತ್ತಿದ್ದಳು. ಅಪ್ಪ ಪ್ರಾರ್ಥನೆ ಮುಗಿಸಿ, ಮಾವಿನ ಬುಡಕ್ಕೆ ಹೋಗದೆ, ಮೂರನೆಯ ದಿಬ್ಬದ ಹತ್ತಿರ ನಿಂತು, ಚೀಲವನ್ನು ಎದೆಗೆ ಒತ್ತಿಕೊಂಡು, ಎಲ್ಲವನ್ನೂ ಹೇಳಿದರು. ಈ ಸಲ ತುಳುವಿನಲ್ಲಿ. ನಾನು ಎರಡು ದಿಬ್ಬ ಆಚೆ ಹುಲ್ಲು ಹಿಡಿದುಕೊಂಡು ಕೂತಿದ್ದೆ.

ಅಮ್ಮನ ಕತ್ತಿ ನಿಲ್ಲಲಿಲ್ಲ.

"ಗೊತ್ತುಂಡು" ಎಂದಳು. "ಮೊದಲನೇ ವರ್ಷವೇ ಆ ಕಲ್ಲಿನ ಬುಡದಲ್ಲಿ ನನ್ನ ಕತ್ತಿ ಮಾವಿನ ಬೇರಿಗೆ ತಾಗಿತು, ತೊಡೆಯಷ್ಟು ದಪ್ಪದ ಬೇರು. ಅಲ್ಲಿ ಯಾರು ಗುಂಡಿ ತೆಗೀತಾರೆ?"

ಅಪ್ಪ ಏನೋ ಹೇಳಲು ಹೋದರು. ಅಮ್ಮ ಈಗ ಕತ್ತಿ ಕೆಳಗಿಟ್ಟಳು. "ಕಲ್ಲಿಟ್ಟದ್ದಕ್ಕೆ ನನಗೆ ಬೇಸರ ಇಲ್ಲ. ಹೇಳದೆ ಕೂತದ್ದಕ್ಕೆ ಉಂಟು. ಇಷ್ಟು ವರ್ಷ ನಾನು ಒಬ್ಬಳೇ ಹುಡುಕ್ತಾ ಇದ್ದೆ. ನೀವು ಅಲ್ಲಿ ಕೂತು ಬರೀತಾ ಇದ್ರಿ."

ಎಲ್ಲಾ ಮಾಡಿದರೆ ನಮ್ಮದೂ ಆಗ್ತದೆ. ಹತ್ತು ವರ್ಷದವಳಾಗಿ ಸಿಟ್ಟಿನಿಂದ ಕೇಳಿಸಿಕೊಂಡ ಆ ಮಾತು ನನಗೆ ಆಗ ಅರ್ಥವಾಯಿತು. ದೊಡ್ಡ ಮನಸ್ಸಿನ ಮಾತು ಅದಾಗಿರಲಿಲ್ಲ. ತನ್ನ ಕೂಸು ಯಾವುದರಲ್ಲಿ ಉಂಟೆಂದು ಗೊತ್ತಿಲ್ಲದೆ, ಹನ್ನೊಂದಕ್ಕೂ ಅವಳು ತಾಯಿಯಾಗಿದ್ದಳು. ಅದನ್ನು ಗಂಡನಿಗೆ ಹೇಳಿದರೆ ಅವರ ಮುಖ ಕೆಡುತ್ತದೆ ಎಂದು ಸುಮ್ಮನಿದ್ದಳು. ಅವಳ ಮುಖ ಕೆಡುತ್ತದೆ ಎಂದು ಅವರೂ ಸುಮ್ಮನಿದ್ದರು. ಇಬ್ಬರ ನಡುವೆ ನಾವು ಮಕ್ಕಳು ಹಸಿವೆ ಎಂದು ಗೊಣಗುತ್ತಾ ಮಣ್ಣು ಹೊತ್ತಿದ್ದೆವು.

ಅಪ್ಪ ಚೀಲವನ್ನು ನನ್ನ ಕೈಗೆ ಕೊಟ್ಟು, ಗಿರಿಜಕ್ಕನ ಮನೆಗೆ ಹೋಗಿ ಒಂದು ಹಾರೆ ಕೇಳಿ ತಂದರು. ನಾಲ್ಕನೆಯ ದಿಬ್ಬದಿಂದ ಮರದ ಬುಡದವರೆಗೆ ಪೊದೆಯ ಬೇರನ್ನು ಅವರೇ ಅಗೆದು ತೆಗೆದರು. ಪೆನ್ನು ಹಿಡಿದ ಕೈ, ಅರ್ಧ ಗಂಟೆಯಲ್ಲಿ ಬೊಕ್ಕೆ ಬಂದು ಒಡೆಯಿತು. ಅಮ್ಮ ನಾಲ್ಕು ಕಮ್ಯುನಿಸ್ಟ್ ಎಲೆ ಕಿತ್ತು, ಅಂಗೈಯಲ್ಲಿ ಉಜ್ಜಿ, ರಸವನ್ನು ಅವರ ಗಾಯದ ಮೇಲೆ ಹಿಂಡಿದಳು. ಅಪ್ಪ ಹಲ್ಲು ಕಚ್ಚಿದರು. "ಉರೀತದಾ? ಉರೀಲಿ" ಎಂದಳು ಅಮ್ಮ. ಹಾಗೆ ಹೇಳಿದವಳು ಆ ಕೈಯನ್ನು ಸುಮಾರು ಹೊತ್ತು ಬಿಡಲೇ ಇಲ್ಲ. ಅಪ್ಪನ ಹೊರಾಂಗಣದ ಪ್ರಸಂಗಗಳಲ್ಲಿ ನಾನು ಕಂಡ ಅತ್ಯುತ್ತಮ ಪ್ರಸಂಗ ಅದು, ಅದರಲ್ಲಿ ಒಂದು ವಾಕ್ಯವನ್ನೂ ಅವರು ಬರೆಯಲಿಲ್ಲ.

ಮತ್ತೆ ಎರಡು ಈಸ್ಟರ್ ಇಬ್ಬರೂ ಸೇರಿ ಆ ಸಾಲು ಮಾಡಿದರು. ಮೂರನೆಯದಕ್ಕೆ ಅಪ್ಪ ಇರಲಿಲ್ಲ. ಅವರ ಇಷ್ಟದಂತೆ ಅಲ್ಲಿಯೇ, ಸಾಲಿನ ಮೇಲಿನ ತುದಿಯಲ್ಲಿ, ಬೇರು ತಪ್ಪಿಸಿ, ಮಾವಿನ ಮರದಿಂದ ಸ್ವಲ್ಪ ಆಚೆ ಮಣ್ಣು ಮಾಡಿದೆವು. ಅಮ್ಮ ಮತ್ತೂ ಆರು ವರ್ಷ ಇದ್ದಳು. ಅವಳು ಹೋಗುವಾಗ ನನಗೆ ಆ ಸಭೆಗೇ ವರ್ಗವಾಗಿತ್ತು, ಅಪ್ಪನ ಮೊದಲ ಸಭೆಗೆ. ಸಭೆಯ ಹಿರಿಯರು ಅಪ್ಪನ ಪಕ್ಕದಲ್ಲಿ ಜಾಗ ಉಂಟು, ಗಂಡ ಹೆಂಡತಿ ಒಟ್ಟಿಗೆ ಇರಲಿ ಎಂದರು. ನಾನು ಒಪ್ಪಲಿಲ್ಲ. ಅಮ್ಮ ನನಗೆ ಮೊದಲೇ ಹೇಳಿಟ್ಟಿದ್ದಳು, "ನನ್ನನ್ನು ಈಚೆ ತುದಿಯಲ್ಲಿ ಇಡು, ಗೇಟಿನ ಹತ್ತಿರ" ಎಂದು. ಕಾರಣ ನಾನು ಕೇಳಲಿಲ್ಲ, ಅವಳು ಹೇಳಲೂ ಇಲ್ಲ. ನನಗೆ ಅದು ಬೇಕಾಗಿಯೂ ಇರಲಿಲ್ಲ. ಅವಳು ಹೇಳಿದಲ್ಲೇ ಮಣ್ಣು ಮಾಡಿದೆವು.

ಈಗ ಆ ಸ್ಮಶಾನ ನನ್ನ ಬಂಗ್ಲೆಯಿಂದ ಹತ್ತು ನಿಮಿಷದ ದಾರಿ. ನಾನೂ ಪ್ರಸಂಗದ ತಯಾರಿಗೆ ವೇದಪುಸ್ತಕ ಹಿಡಿದು ಅಲ್ಲಿಗೇ ಹೋಗುತ್ತೇನೆ. ಕೂರುವ ಮೊದಲು ಒಂದೆರಡು ದಿಬ್ಬದ ಪೊದೆ ತೆಗೆಯುತ್ತೇನೆ. ಬಂಗ್ಲೆಗಳೆಲ್ಲ ಈಗ ತಾರಸಿಯಾಗಿವೆ, ಚಾಪೆಗಳು ಇಲ್ಲ, ನನ್ನ ತಮ್ಮನ ಮಕ್ಕಳಿಗೆ ಒಬ್ಬೊಬ್ಬರಿಗೆ ಒಂದೊಂದು ಕೋಣೆ. ನಾವು ಸಾಲಾಗಿ ಮಲಗುತ್ತಿದ್ದ ಮನೆ ಯಾವ ಊರಿನಲ್ಲಿಯೂ ಉಳಿದಿಲ್ಲ. ಪುನರುತ್ಥಾನದ ಬಗ್ಗೆ ವರ್ಷವರ್ಷ ಪ್ರಸಂಗ ಮಾಡುವ ನನಗೆ ಅಮ್ಮನ ದನಿ ಇನ್ನೊಮ್ಮೆ ಕೇಳಬೇಕು ಎನ್ನಿಸುವ ದಿನಗಳಲ್ಲಿ ಆ ಮಾತು ಅಷ್ಟು ಸುಲಭವಾಗಿ ಬಾಯಿಗೆ ಬರುವುದಿಲ್ಲ, ಸುಳ್ಳು ಯಾಕೆ ಹೇಳಲಿ. ಆಗ ಗೇಟಿನ ಹತ್ತಿರ ನಿಂತು ಸಾಲನ್ನು ನೋಡುತ್ತೇನೆ. ಕರುಣಾ ಎಲ್ಲಿ ಎಂದು ನನಗೂ ಗೊತ್ತಿಲ್ಲ. ಗೋಡೆಯ ಬದಿಯಲ್ಲಿ ಅಪ್ಪ ಇದ್ದಾರೆ, ಬಾಗಿಲ ಬದಿಯಲ್ಲಿ ಅಮ್ಮ ಇದ್ದಾಳೆ. ಕೂಸು ನಡುವೆಯೇ ಉಂಟು.