ಕೆರೆಕಟ್ಟೆಗೆ ಮೂರು ಸೆಕೆಂಡು

ಹತ್ತಾರು ಕಂಪ್ಯೂಟರುಗಳು ಒಂದಕ್ಕೊಂದು ಸಂದೇಶ ಕಳಿಸುವ ಆಟವನ್ನು ಒಂದೇ ಲ್ಯಾಪ್‌ಟಾಪಿನಲ್ಲಿ ಆಡಿ ತೋರಿಸುವ ಸಾಫ್ಟ್‌ವೇರ್ ಒಂದಿದೆ. ಅದನ್ನು ಕಲಿಯುವವರಿಗೆ ಉದಾಹರಣೆ ಬರೆಯುವುದು, ಬರೆದದ್ದು ಕೆಟ್ಟರೆ ಸರಿಪಡಿಸುವುದು ನನ್ನ ಕೆಲಸ. ಅವತ್ತು ಶೃಂಗೇರಿ ಬಸ್‌ಸ್ಟ್ಯಾಂಡಿನಲ್ಲಿ ಕೂತು ಅದನ್ನೇ ಮಾಡುತ್ತಿದ್ದೆ. ಒಂದೇ ಸಂದೇಶ ಎರಡೆರಡು ಸಲ ತಲುಪುತ್ತಿತ್ತು. ಸಂಜೆಯೊಳಗೆ ಸರಿಯಾಗದಿದ್ದರೆ ಉದಾಹರಣೆಯನ್ನೇ ಕಿತ್ತುಹಾಕುತ್ತೇವೆ ಎಂದು ಸಾಫ್ಟ್‌ವೇರ್ ನೋಡಿಕೊಳ್ಳುವವರು ಹೇಳಿದ್ದರು.

ಒಬ್ಬ ಹೆಂಗಸು ಕೆರೆಕಟ್ಟೆ ಎಂಬ ಊರಿನಲ್ಲಿರುವ ತಂಗಿಗೆಂದು ಮಾತ್ರೆ, ಬ್ರೆಡ್ಡು ತುಂಬಿದ ಕೈಚೀಲವನ್ನು ಕಂಡಕ್ಟರಿಗೆ ಕೊಟ್ಟು, ಬಸ್ಸು ಹೊರಟ ಮೇಲೆ ನನ್ನ ಪಕ್ಕ ಬಂದು ಕೂತರು.

"ಎಂತ ಮಾಡ್ತಿದೀರಿ?"

"ಸಂದೇಶ ಕಳಿಸ್ತೀನಿ. ಮೂರು ಸೆಕೆಂಡಲ್ಲಿ ಉತ್ತರ ಬರ್ಲಿಲ್ಲ ಅಂದ್ರೆ ಇನ್ನೊಂದ್ಸಲ ಕಳಿಸ್ತೀನಿ."

"ಮೂರು ಸೆಕೆಂಡಾ ಮಾರಾಯ್ರೆ! ಅವರು ಎದ್ದು ಬಂದು ಬಾಗಿಲು ತೆಗೆಯೋದು ಬೇಡ್ವಾ?" ಅವರಿಗೆ ನಗು ತಡೆಯಲಾಗಲಿಲ್ಲ. "ನಮ್ಮದು ಒಂದೇ ಚೀಲ. ತಂಗಿ ಖಾಲಿ ಚೀಲ ವಾಪಸ್ ಕಳಿಸಿದ ಮೇಲೇ ಮುಂದಿನದು."

"ಚೀಲ ಬರದೇ ಹೋದ್ರೆ?"

"ಕಾಯೋದು. ಬಸ್ಸು ಇವತ್ತು ಬರ್ಲಿಲ್ಲ ಅಂದ್ರೆ ನಾಳೆ ಬರುತ್ತೆ."

ನಾನು ಅಲ್ಲೇ ಆ ಚೀಲವನ್ನು ಉದಾಹರಣೆಗೆ ಸೇರಿಸಿದೆ. ಎರಡು ಕಂಪ್ಯೂಟರುಗಳಿಗೆ ಶೃಂಗೇರಿ, ಕೆರೆಕಟ್ಟೆ ಎಂದೇ ಹೆಸರಿಟ್ಟೆ. ಕೆರೆಕಟ್ಟೆಯಿಂದ ಉತ್ತರ ಬರುವವರೆಗೆ ಶೃಂಗೇರಿ ಮತ್ತೇನೂ ಕಳಿಸದೆ ಕಾಯುವಂತೆ ಮಾಡಿದೆ. ಸಂದೇಶ ಎರಡು ಸಲ ಹೋಗುವುದು ನಿಂತಿತು, ಉದಾಹರಣೆ ಉಳಿಯಿತು.

ಮೊನ್ನೆ ಯಾವುದೋ ದೇಶದ ವಿದ್ಯಾರ್ಥಿಯೊಬ್ಬ ದೂರು ಬರೆದಿದ್ದ: "ಕೆರೆಕಟ್ಟೆ ಬೆಳಗಿನಿಂದ ಉತ್ತರ ಕೊಡುತ್ತಿಲ್ಲ. ಇದು ದೋಷವೇ?"

"ಅಲ್ಲ, ಬಸ್ಸು ಬಂದಿಲ್ಲ" ಎಂದು ಉತ್ತರಿಸಿದೆ. ಅವನಿಂದ ಇನ್ನೂ ಮರುಮಾತಿಲ್ಲ. ನಾನೂ ಎರಡನೇ ಸಲ ಕಳಿಸಲು ಹೋಗಿಲ್ಲ.