ಅತ್ತೆ ರುಜು ಹಾಕಿದ್ದು ಎಲ್ಲ ಕೇಳಿದ ಮೇಲೆ

ನನ್ನ ಮದುವೆಯಾದ ಮೊದಲ ವರ್ಷ, ಅಂದರೆ 1997ರಲ್ಲಿ, ನಮ್ಮತ್ತೆಗೆ ಹೊಟ್ಟೆನೋವು ಶುರುವಾಯಿತು. ನನ್ನ ತವರು ಟಿ. ನರಸೀಪುರ. ಹುಲ್ಲಹಳ್ಳಿಗೆ ಸೊಸೆಯಾಗಿ ಬಂದು ಕೆಲವೇ ತಿಂಗಳಾಗಿತ್ತು. ಪಿಯುಸಿ ಮುಗಿಸಿದ್ದರಿಂದ ಮನೆಯಲ್ಲಿ ನನಗೆ 'ಓದಿದ ಸೊಸೆ' ಎಂಬ ಹೆಸರೇನೋ ಇತ್ತು, ಆದರೆ ನನ್ನ ಬಾಯಿಂದ ಮಾತೇ ಹೊರಡುತ್ತಿರಲಿಲ್ಲ. ಯಾರು ಏನು ಹೇಳಿದರೂ ತಲೆಯಾಡಿಸುವುದು ನನಗೆ ಅಭ್ಯಾಸವಾಗಿಹೋಗಿತ್ತು.

ಅತ್ತೆ ದೇವಮ್ಮಣ್ಣಿ ಹಾಗಲ್ಲ. ಕಾಲುವೆಗೆ ನೀರು ಬಿಡುವವನಿಂದ ಹಿಡಿದು ಬಸ್ ಕಂಡಕ್ಟರ್‌ವರೆಗೆ ಯಾರನ್ನು ಬೇಕಾದರೂ ನಿಲ್ಲಿಸಿ "ಯಾಕೆ?" ಎಂದು ಕೇಳುವ ಹೆಂಗಸು. ಅಂಥವರು ಊಟವಾದ ಮೇಲೆ ಬಲಪಕ್ಕೆ ಹಿಡಿದುಕೊಂಡು ಗೋಡೆಗೆ ಒರಗಿ ಕೂರುವುದನ್ನು ನೋಡಿದರೆ ನಮಗೆ ಕೈಕಾಲು ಆಡುತ್ತಿರಲಿಲ್ಲ. ಜೀರಿಗೆ ಕಷಾಯ, ಓಂಕಾಳು ಎಲ್ಲ ಆಯಿತು. ಕೊನೆಗೆ ನಂಜನಗೂಡಿನ ಒಂದು ನರ್ಸಿಂಗ್ ಹೋಮಿನಲ್ಲಿ ಸ್ಕ್ಯಾನ್ ಮಾಡಿಸಿದಾಗ ಪಿತ್ತಕೋಶದಲ್ಲಿ ಕಲ್ಲುಗಳಿರುವುದು ತಿಳಿಯಿತು. ಆಪರೇಷನ್ ಆಗಲೇಬೇಕು ಎಂದರು.

ನಮ್ಮ ಯಜಮಾನರು ತಾಯಿಗೆ ಪೂರ್ತಿ ವಿಷಯ ಹೇಳಲಿಲ್ಲ. "ಹೆದರಿಕೊಂಡರೆ ಕಷ್ಟ" ಎಂದು ನನ್ನ ಬಾಯಿಯನ್ನೂ ಕಟ್ಟಿದರು. ಅತ್ತೆಗೆ ಗೊತ್ತಿದ್ದದ್ದು 'ಒಂದು ಸಣ್ಣ ಆಪರೇಷನ್ನು' ಎಂದಷ್ಟೇ. ಹೆಮ್ಮಿಗೆ ಊರಿನಿಂದ ಅವರ ತಂಗಿ, ನಮ್ಮ ಚಿಕ್ಕತ್ತೆ, ಜೊತೆಗಿರಲು ಬಂದರು. ಹಿಂದಿನ ದಿನವೇ ಅಡ್ಮಿಟ್ ಆದೆವು.

ಆಪರೇಷನ್ ದಿನ ಬೆಳಿಗ್ಗೆ ಸಿಸ್ಟರ್ ಒಬ್ಬರು ಒಂದು ಹಾಳೆ ತಂದು ನಮ್ಮ ಯಜಮಾನರ ಕೈಗೆ ಕೊಟ್ಟು, "ಇಲ್ಲಿ ಸೈನ್ ಮಾಡಿ" ಎಂದರು. ಅವರು ಜೇಬಿನಿಂದ ಪೆನ್ನು ತೆಗೆದಿದ್ದೂ ಆಯಿತು. ಅಷ್ಟರಲ್ಲಿ ಮಂಚದ ಮೇಲಿಂದ ಅತ್ತೆಯ ದನಿ ಕೇಳಿತು.

"ಏನ್ಲಾ ಅದು?"

"ಏನಿಲ್ಲ ಕಣವ್ವ, ಆಪರೇಷನ್‌ಗೆ ಒಪ್ಪಿಗೆ ಪತ್ರ."

"ಕುಯ್ಯೋದು ಯಾರ ಒಟ್ಟೆಯ?"

"ನಿಂದೇ."

"ಒಟ್ಟೆ ನಂದು, ರುಜು ನಿಂದಾ?"

ಸಿಸ್ಟರಿಗೆ ನಗು ತಡೆಯಲಾಗಲಿಲ್ಲ. "ಅಮ್ಮಾ, ಎಲ್ಲರ ಮನೇಲೂ ಗಂಡಸರೇ ಹಾಕ್ತಾರೆ" ಎಂದರು. ಅತ್ತೆ ಅದಕ್ಕೆ ಕಿವಿಗೊಡದೆ ಹಾಳೆಯನ್ನು ನನ್ನ ಕೈಗೆ ಕೊಡಿಸಿದರು. "ಓದವ್ವ. ಏನ್ ಬರ್ದವ್ರೆ?"

ಅದು ಇಂಗ್ಲಿಷಿನಲ್ಲಿತ್ತು. ತಡವರಿಸುತ್ತಾ ಒಂದೊಂದೇ ಸಾಲನ್ನು ಕನ್ನಡದಲ್ಲಿ ಹೇಳತೊಡಗಿದೆ. ಪಿತ್ತಕೋಶ ತೆಗೆಯುವ ವಿಷಯ ಬಂದಾಗ ಯಜಮಾನರು ನನ್ನನ್ನೇ ನೋಡಿದರು. ಆದರೆ ಅತ್ತೆಯ ಕಣ್ಣು ನನ್ನ ಮುಖದ ಮೇಲಿದ್ದಾಗ ಸುಳ್ಳು ಹೇಳುವುದು ನನ್ನಿಂದಾಗಲಿಲ್ಲ. ಕೊನೆಯಲ್ಲಿ, ಏನೇ ಹೆಚ್ಚುಕಡಿಮೆಯಾದರೂ ಆಸ್ಪತ್ರೆಯವರನ್ನು ಹೊಣೆ ಮಾಡುವುದಿಲ್ಲ ಎಂಬ ಮಾತಿತ್ತು. ಅದನ್ನೂ ಹೇಳಿದೆ.

ಅತ್ತೆ ಎದ್ದು ಕೂತರು. "ಅಂಗಾರೆ ಕತ್ತರಿ ಅವರ್ದು, ಒಣೆ ಎಲ್ಲಾ ನಂದು! ಡಾಕ್ಟ್ರು ಬರ್ಲಿ. ಅವರ ಬಾಯಿಂದ ಕೇಳ್ದೆ ನಾ ಎಲ್ಲೂ ರುಜು ಆಕಾಕಿಲ್ಲ."

ನನಗೆ ಒಂದೇ ಚಿಂತೆ. ಡಾಕ್ಟರಿಗೆ ಸಿಟ್ಟು ಬಂದು "ಬೇರೆ ಕಡೆ ಹೋಗಿ" ಎಂದುಬಿಟ್ಟರೆ? ಯಜಮಾನರು ಕಾರಿಡಾರಿನಲ್ಲಿ ಅತ್ತಿಂದಿತ್ತ ಓಡಾಡುತ್ತಿದ್ದರು. ಡಾಕ್ಟರು ಬಂದರು. ಬಿರಬಿರನೆ ನಡೆಯುವ, ಬಿರಬಿರನೆ ಮಾತಾಡುವ ಮನುಷ್ಯ. ಅರ್ಧ ಆಪರೇಷನ್ ಉಡುಪಿನಲ್ಲೇ ಬಂದಿದ್ದರು.

"ಏನಮ್ಮಾ, ಆಪರೇಷನ್ ಬೇಡ್ವಂತೆ?"

"ಬ್ಯಾಡ ಅಂದ್ನಾ? ಏನ್ ಮಾಡ್ತೀರಿ ಅಂತ ಯೋಳಿ ಅಂದೆ ಕಣ್ರೀ."

ಡಾಕ್ಟರು ಸ್ಟೂಲ್ ಎಳೆದುಕೊಂಡು ಕೂತರು. ಯಜಮಾನರ ಕಡೆ ತಿರುಗಿ, "ನೀವು ಹೇಳಿರಲಿಲ್ವಾ? ನೀವು ಹೇಳಿರ್ತೀರಿ ಅಂತ ನಾನು, ನಾನು ಹೇಳ್ತೀನಿ ಅಂತ ನೀವು. ಚೆನ್ನಾಗಾಯ್ತು" ಎಂದರು. ಒಂದು ಖಾಲಿ ಹಾಳೆ ತೆಗೆದು ಹೊಟ್ಟೆಯ ಚಿತ್ರ ಬರೆದರು. ಇದು ಯಕೃತ್ತು, ಇದು ಪಿತ್ತದ ಚೀಲ, ಕಲ್ಲು ಇಲ್ಲಿದೆ, ಇಲ್ಲಿ ಕುಯ್ಯುತ್ತೇನೆ ಎಂದು ಬೆರಳಿಟ್ಟು ತೋರಿಸಿದರು.

"ಕಲ್ಲ ತೆಗ್ದು ಚೀಲವ ಅಲ್ಲೇ ಬುಡಕಾಗಲ್ವಾ?"

"ಬಿಟ್ಟರೆ ಮತ್ತೆ ಕಲ್ಲಾಗುತ್ತೆ."

"ಚೀಲ ಇಲ್ದೆ ಬದುಕ್ಬೋದಾ?"

"ಧಾರಾಳವಾಗಿ. ಪಿತ್ತ ನೇರವಾಗಿ ಕರುಳಿಗೆ ಹೋಗುತ್ತೆ. ಊಟ ಮಾಡ್ತೀರಿ, ಗದ್ದೆಗೂ ಹೋಗ್ತೀರಿ."

ಅಪಾಯವೇನು ಎಂದೂ ಅತ್ತೆ ಕೇಳಿದರು. ರಕ್ತ ಹೋಗಬಹುದು, ಗಾಯ ಕೀವಾಗಬಹುದು, ಆದರೆ ಅದು ಅಪರೂಪ ಎಂದು ಡಾಕ್ಟರು ಏನನ್ನೂ ಮುಚ್ಚಿಡದೆ ಹೇಳಿದರು. ಆಗ ನನಗೆ ಅದೆಲ್ಲಿಂದ ಧೈರ್ಯ ಬಂತೋ ಗೊತ್ತಿಲ್ಲ, "ಅವರಿಗೆ ಪ್ರಜ್ಞೆ ಇಲ್ಲದಾಗ ಒಳಗೆ ಬೇರೇನಾದರೂ ಕಂಡರೆ ಯಾರನ್ನು ಕೇಳ್ತೀರಿ ಸಾರ್?" ಎಂದೆ. ಆ ಮನೆಗೆ ಬಂದ ಮೇಲೆ ಹತ್ತು ಜನರ ಮುಂದೆ ನಾನು ಕೇಳಿದ ಮೊದಲ ಪ್ರಶ್ನೆ ಅದು. ಯಜಮಾನರು ಬೆರಗಾಗಿ ನೋಡಿದರು.

"ಒಳ್ಳೇ ಪ್ರಶ್ನೆ" ಎಂದರು ಡಾಕ್ಟರು. "ಜೀವಕ್ಕೆ ತೊಂದರೆ ಇದ್ದರೆ ಮಾತ್ರ ಆಗಲೇ ಮಾಡ್ತೀನಿ. ಇಲ್ಲದಿದ್ದರೆ ಹೊಲಿಗೆ ಹಾಕಿ, ಇವರು ಎದ್ದ ಮೇಲೆ ಇವರನ್ನೇ ಕೇಳ್ತೀನಿ." ಮತ್ತೆ ಅತ್ತೆಯ ಕಡೆ ತಿರುಗಿದರು. "ಅಮ್ಮಾ, ನನ್ನ ಸರದಿ ಮುಗೀತು. ಈಗ ನಿಮ್ಮದು. ನಾನು ಏನೂ ಮುಚ್ಚಿಡಲಿಲ್ಲ, ನೀವೂ ಮುಚ್ಚಿಡಬಾರದು. ಏನಾದರೂ ಅಭ್ಯಾಸ ಇದೆಯಾ?"

ಅತ್ತೆ ಮಗನ ಕಡೆ ಓರೆಗಣ್ಣಿನಿಂದ ನೋಡಿ, "ಎಲೆಅಡಿಕೆ ಜತೆ ವಸಿ ಒಗೆಸೊಪ್ಪು" ಎಂದರು.

"ಅವ್ವ! ಮಠದ ಸ್ವಾಮಿ ಬುದ್ಧಿಯೋರ ಮುಂದೆ ಬುಟ್ಟೆ ಅಂದಿದ್ದೆ?"

"ಅವರ ಮುಂದೆ ಬುಟ್ಟಿದ್ದೆ ಕಣ್ಲಾ. ಇಂದೆ ಬುಟ್ಟಿರ್ಲಿಲ್ಲ."

ಎಲ್ಲರೂ ನಕ್ಕೆವು. "ಇವತ್ತು ಬೆಳಿಗ್ಗೆ ಏನಾದರೂ ತಿಂದಿದ್ದೀರಾ?" ಎಂದು ಡಾಕ್ಟರು ಕೇಳಿದಾಗ ಮಾತ್ರ ಅತ್ತೆಯ ನಗು ನಿಂತುಹೋಯಿತು. ಅವರು ತಂಗಿಯ ಮುಖ ನೋಡಿದರು. ತಂಗಿ ಕಿಟಕಿಯಾಚೆ ನೋಡತೊಡಗಿದರು.

"ಇಡ್ಲಿ ತಿಂದೆ" ಎಂದರು ಅತ್ತೆ ಸಣ್ಣ ದನಿಯಲ್ಲಿ. "ಮೇಲೊಂದು ರಸಬಾಳೆಹಣ್ಣು."

ಚಿಕ್ಕತ್ತೆ ಬೆಳಿಗ್ಗೆಯೇ ಎದುರಿನ ಹೋಟೆಲಿನಿಂದ ಇಡ್ಲಿ ತಂದು, ನಾವು ಮುಖ ತೊಳೆಯಲು ಹೋದಾಗ ತಿನ್ನಿಸಿದ್ದರು. ಸಿಸ್ಟರ್ ಬಂದು ಕೇಳಿದಾಗ "ಏನೂ ಇಲ್ಲ" ಎಂದು ಅಕ್ಕನ ಪರವಾಗಿ ಉತ್ತರವನ್ನೂ ಕೊಟ್ಟಿದ್ದರು. "ಬರೀ ಒಟ್ಟೇಲಿ ಕುಯ್ದ್ರೆ ಜೀವ ತಡೆದದಾ ಸಾ? ಅದ್ಕೇ..." ಎಂದು ಸೆರಗಿನ ತುದಿ ತಿರುಚುತ್ತಾ ನಿಂತರು.

ಡಾಕ್ಟರು ಬಯ್ಯಲಿಲ್ಲ. ಪ್ರಜ್ಞೆ ತಪ್ಪಿಸುವ ಮದ್ದು ಕೊಟ್ಟಾಗ ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದರೆ ಪ್ರಾಣಕ್ಕೇ ಕುತ್ತು ಎಂದು ನಿಧಾನವಾಗಿ ಬಿಡಿಸಿ ಹೇಳಿದರು. ಪೆನ್ನು ತೆಗೆದಿದ್ದ ಯಜಮಾನರು ಆಗಲೇ ರುಜು ಹಾಕಿಬಿಟ್ಟಿದ್ದರೆ, ಅತ್ತೆ ಅಷ್ಟು ಹೊತ್ತಿಗೆ ಆಪರೇಷನ್ ಥಿಯೇಟರಿನಲ್ಲಿರುತ್ತಿದ್ದರು. ಚಿಕ್ಕತ್ತೆ ಅಳತೊಡಗಿದರು. ಅತ್ತೆಯೇ ಅವರ ಕೈ ಹಿಡಿದು, "ಅಳಬ್ಯಾಡ ಬುಡೇ, ತಿಂದೋಳು ನಾನೇ ಅಲ್ವಾ" ಎಂದು ಸಮಾಧಾನ ಮಾಡಿದರು.

ಆಪರೇಷನ್ ಮರುದಿನಕ್ಕೆ ಹೋಯಿತು. ಡಾಕ್ಟರು ಎದ್ದವರು ಮತ್ತೆ ಕೂತು, ನನ್ನ ಕೈಗೆ ಒಂದು ಬಿಳಿ ಹಾಳೆ ಕೊಟ್ಟರು. "ಇಂಗ್ಲಿಷ್ ಕಾಗದ ಇರಲಿ, ಅದೂ ಬೇಕು. ಈಗ ನಾವು ಮಾತಾಡಿದ್ದನ್ನ ನೀವು ಕನ್ನಡದಲ್ಲಿ ಬರೀರಿ. ನಾನೂ ಸೈನ್ ಮಾಡ್ತೀನಿ, ಅಮ್ಮನೂ ಮಾಡ್ಲಿ."

ಮಂಚದ ಅಂಚಿನಲ್ಲಿ ಕೂತು ಬರೆದೆ. ಏನು ತೆಗೆಯುತ್ತೇನೆಂದು ಡಾಕ್ಟರು ಮೊದಲೇ ಹೇಳಬೇಕು, ಆದ ಮೇಲೆ ಏನಾಯಿತೆಂದು ರೋಗಿಗೇ ಹೇಳಬೇಕು. ರೋಗಿ ತಿಂದದ್ದನ್ನು ಮುಚ್ಚಿಡಬಾರದು, ನಡೆ ಎಂದಾಗ ನಡೆಯಬೇಕು, ಭಾರ ಎತ್ತಬಾರದು. ಅತ್ತೆ "ತೆಗೆದ ಕಲ್ಲ ನಂಗೆ ತೋರಿಸ್ಬೇಕು ಅಂತ್ಲೂ ಬರಿ" ಎಂದರು. ಡಾಕ್ಟರು "ಹೊಗೆಸೊಪ್ಪು ಬಂದ್ ಅಂತಲೂ ಬರೀರಿ" ಎಂದರು. ಸಂತೆಯಲ್ಲಿ ವ್ಯಾಪಾರ ಕುದುರಿಸಿದ ಹಾಗೆ ಇಬ್ಬರೂ ನಗುತ್ತಾ ಒಪ್ಪಿಕೊಂಡರು. ಸಾಕ್ಷರತೆ ತರಗತಿಯಲ್ಲಿ ಕಲಿತ ಅಕ್ಷರಗಳಲ್ಲಿ ಅತ್ತೆ ನಾಲಿಗೆ ಕಚ್ಚಿಕೊಂಡು ನಿಧಾನವಾಗಿ ತಮ್ಮ ಹೆಸರು ಬರೆದರು. ಮಾರನೆಯ ದಿನ, ನಿಜವಾಗಿಯೂ ಬರಿಹೊಟ್ಟೆಯಲ್ಲಿ, ನಮಗೆಲ್ಲ ಕೈ ಬೀಸಿ ಒಳಗೆ ಹೋದರು.

ಎಲ್ಲ ಸುಸೂತ್ರವಾಗಿ ಮುಗಿಯಿತು. ಸಂಜೆ ಡಾಕ್ಟರು ಬಾಗಿಲಲ್ಲಿ ನಿಂತಿದ್ದ ನಮ್ಮನ್ನು ದಾಟಿ ನೇರವಾಗಿ ಅತ್ತೆಯ ಹತ್ತಿರ ಹೋಗಿ, "ಚೆನ್ನಾಗಾಯ್ತಮ್ಮ, ಬೇರೇನೂ ಇರಲಿಲ್ಲ" ಎಂದು ಕಲ್ಲಿನ ಸೀಸೆ ತೋರಿಸಿದರು. ಅತ್ತೆ ಮಂಪರಿನಲ್ಲೇ ಕಣ್ಣು ಕಿರಿದು ಮಾಡಿ, "ಇಷ್ಟೇಯಾ? ನಾನೇನೋ ಕಪಿಲಾ ಒಳೆ ಗುಂಡು ಅನ್ಕಂಡಿದ್ದೆ" ಎಂದರು. ನೋವಿನ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೂ ಅವರೇ.

ಮರುದಿನ ನಡೆಸಲು ಸಿಸ್ಟರ್ ಬಂದಾಗ ಚಿಕ್ಕತ್ತೆ "ಬ್ಯಾಡ, ಒಲಿಗೆ ಬಿಟ್ಕಂಡದು" ಎಂದು ಅಡ್ಡ ನಿಂತರು. ಅತ್ತೆ ನನ್ನ ಹೆಗಲ ಮೇಲೆ ಕೈಯಿಟ್ಟು ಎದ್ದರು. "ಸುಮ್ಕಿರೇ. ಅವರ ಮಾತ ಅವರು ಉಳಿಸ್ಕಂಡ್ರು. ನನ್ ಮಾತ ನಾ ಉಳಿಸ್ಕಬೇಕಲ್ವಾ?"

ಮನೆಗೆ ಬಂದ ಮೇಲೂ ಹಾಗೆಯೇ. ಕೊಡ ಎತ್ತಲಿಲ್ಲ, ಹೊರೆ ಹೊರಲಿಲ್ಲ. ಜಗಲಿಯ ಮೇಲೆ ಕೂತು ನಮಗೆಲ್ಲ ಕೆಲಸ ಹೇಳುವುದನ್ನು ಮಾತ್ರ ಬಿಡಲಿಲ್ಲ.

ಕೆಲವು ವರ್ಷಗಳ ನಂತರ ಪಕ್ಕದ ಮನೆಯವರ ಆಪರೇಷನ್‌ಗೆಂದು ಅದೇ ನರ್ಸಿಂಗ್ ಹೋಮಿಗೆ ಹೋಗಿದ್ದೆ. ಸಿಸ್ಟರ್ ಕೊಟ್ಟ ಹಾಳೆ ಅಚ್ಚುಕಟ್ಟಾಗಿ ಕನ್ನಡದಲ್ಲಿ ಅಚ್ಚಾಗಿತ್ತು. ವೈದ್ಯರು ಏನು ಹೇಳಬೇಕು, ರೋಗಿ ಏನು ಮಾಡಬೇಕು ಎಂದು ಎರಡೂ ಅದರಲ್ಲಿದ್ದವು. ನಡುವೆ ಒಂದು ಸಾಲು: 'ತಿಂದದ್ದನ್ನು ಮುಚ್ಚಿಡಬಾರದು.' ನನ್ನದೇ ವಾಕ್ಯ! ಕಾರಿಡಾರಿನಲ್ಲಿ ಒಬ್ಬಳೇ ನಿಂತು ನಕ್ಕಿದ್ದಕ್ಕೆ ಜನ ತಿರುಗಿ ನೋಡಿದರು.

ಡಾಕ್ಟರನ್ನು ಪ್ರಶ್ನೆ ಕೇಳಿದರೆ ಮರ್ಯಾದೆ ಕೊಟ್ಟಂತಾಗುವುದಿಲ್ಲ ಎಂದೇ ನಾನು ತಿಳಿದಿದ್ದೆ. ಕೇಳುವುದೂ ನಂಬಿಕೆಯ ಒಂದು ರೀತಿ, ಕೇಳಿದ್ದಕ್ಕೆ ನಿಜ ಹೇಳುವುದು ಅದರ ಇನ್ನೊಂದು ಪಾಲು ಎಂದು ಆ ಬೆಳಿಗ್ಗೆ ತಿಳಿಯಿತು. ಆ ದಿನ ನೆನಪಾದಾಗಲೆಲ್ಲ ಇಂದಿಗೂ ನನ್ನ ಮನಸ್ಸು ಹಗುರವಾಗುತ್ತದೆ. ಅತ್ತೆಯ ಜೀವ ಉಳಿದ ದಿನ ಅದು. ನನ್ನ ಬಾಯಿಗೆ ಮಾತು ಬಂದ ದಿನವೂ ಹೌದು.