ದಾರ ಲಾವಾ

ಮೊನ್ನೆ ಕೊಲ್ಹಾಪುರದ ಸಂತೆಯಲ್ಲಿ ಹಕ್ಕಿ ಮಾರುವವನ ಪಂಜರಗಳ ಮುಂದೆ ಹಾಯ್ದೆ. ನವಣೆ ಹೊಟ್ಟು, ಬೂದಿ, ಹಿಕ್ಕೆ ಎಲ್ಲ ಕಲೆತ ವಾಸನೆ ಮೂಗಿಗೆ ಬಡಿಯಿತು. ಅಷ್ಟಕ್ಕೇ ಇಚಲಕರಂಜಿಯ ನಮ್ಮ ಗಲ್ಲಿ, ಪಕ್ಕದ ಮನೆಯ ಮಾವಶಿ… ಕಾಲು ಅಲ್ಲೇ ನಿಂತವು.

ಅವು ನನ್ನ ಬಾಲ್ಯದ ವರ್ಷಗಳು. ಗಲ್ಲಿಗೆಲ್ಲ ಅವರು ಮಾವಶಿ, ಎಂದರೆ ಚಿಕ್ಕಮ್ಮ. ಮಾತು ಮರಾಠಿ, ಕನ್ನಡ ‘ಹೌದ್ರಿ’ ದಾಟಿ ಮುಂದೆ ಹೋಗುತ್ತಿರಲಿಲ್ಲ. ಹಿತ್ತಿಲಲ್ಲಿ ಕೋಳಿ, ಪಡಸಾಲೆಯಲ್ಲಿ ಒಂದು ಜೋಡಿ ಲಾವಕ್ಕಿ ಸಾಕಿದ್ದರು. ಮರಾಠಿಯಲ್ಲಿ ಅದಕ್ಕೆ ಲಾವಾ ಎನ್ನುತ್ತಾರೆ. ಮಗ್ಗದ ಕೆಲಸದಲ್ಲಿ ಎದೆ ಕೆಟ್ಟು ಹಾಸಿಗೆ ಹಿಡಿದಿದ್ದ ಅವರ ಗಂಡ, ಕಾಲು ಗಟ್ಟಿ ಇದ್ದಾಗ ಶಹಾಪುರದ ಜೋಳದ ಹೊಲದಲ್ಲಿ ಹಿಡಿದು ತಂದ ಹಕ್ಕಿಗಳವು. ಬೆಳಗಾದರೆ ಗಂಡು ಲಾವಾ ಕೂಗಬೇಕು, ಅದನ್ನು ಕೇಳಿಯೇ ಆತ ಚಹಾ ಕುಡಿಯಬೇಕು. ಔಷಧಿಗಿಂತ ಆ ಕೂಗಿನ ಮೇಲೇ ಆತನಿಗೆ ಭರವಸೆ.

ಹಕ್ಕಿಯ ಪೆಟ್ಟಿಗೆ ಗೇಣೆತ್ತರ. ಮೇಲೆ ಹಲಗೆಯ ಬದಲು ಹಳೆ ಸೀರೆ ಬಿಗಿದಿತ್ತು. ಬೆದರಿದ ಲಾವಾ ನೆಟ್ಟಗೆ ಮೇಲಕ್ಕೆ ಚಿಮ್ಮುತ್ತದೆ, ಹಲಗೆಯಾದರೆ ತಲೆ ಒಡೆದುಕೊಳ್ಳುತ್ತದೆ. ಕೋಳಿಗಳ ಜೊತೆ ಬಿಡುವ ಮಾತೇ ಇರಲಿಲ್ಲ. ಕೋಳಿ ಕುಕ್ಕಿ ಕೊಲ್ಲುತ್ತದೆ, ಕೋಳಿಯ ಬೇನೆಯೂ ತಗಲುತ್ತದೆ. ಅದಕ್ಕೇ ಹಿತ್ತಿಲ ಬಾಗಿಲು ಸದಾ ಮುಚ್ಚಿರಬೇಕು.

ಅವ್ವ ಆಗಿನ್ನೂ ನಮ್ಮನ್ನು ಕಟ್ಟಿಕೊಂಡು ಕನ್ನಡದ ಹಳ್ಳಿಯಿಂದ ಬಂದ ಹೊಸಬಳು, ಮರಾಠಿ ಬಾರದು. ಒಂದು ದಿನ ಒಳಕೋಣೆಯಲ್ಲಿ ಗಂಡ ನಿದ್ದೆಹೋದಾಗ ಮಾವಶಿ ಅವ್ವನನ್ನು ಮನೆ ಕಾಯಲು ಕೂರಿಸಿ ಔಷಧಿ ತರಲು ಹೊರಟರು. ಬೀದಿಗಿಳಿದ ಮೇಲೆ ಏನೋ ನೆನಪಾಗಿ, “ವೈನೀ, ದಾರ ಲಾವಾ!” ಎಂದು ಕೂಗಿದರು. ಮರಾಠಿಯಲ್ಲಿ ಅದು ‘ಅತ್ತಿಗೆ, ಬಾಗಿಲು ಹಾಕಿ’. ಅವ್ವನಿಗೆ ಗೊತ್ತಿದ್ದ ಲಾವಾ ಹಕ್ಕಿಯೊಂದೇ. ದಾರ ಎಂದರೆ ದಾರ, ನೇಯುವ ಊರಲ್ಲಿ ಅದಕ್ಕೇನು ಬರ? ಗಂಡು ಹಕ್ಕಿಯನ್ನು ಹೊರತೆಗೆದು, ನೋವಾಗದಂತೆ ಕಾಲಿಗೆ ಮೆತ್ತನೆಯ ನೂಲು ಕಟ್ಟಿ, ಕಂಬಕ್ಕೆ ಬಿಗಿದಳು. ಹೆಣ್ಣಿಗೂ ಒಂದೆಳೆ ತರಲೆಂದು ನಮ್ಮ ಮನೆಗೆ ಬಂದಳು. ತಿರುಗಿ ಹೋಗುವಷ್ಟರಲ್ಲಿ ತೆರೆದೇ ಇದ್ದ ಹಿತ್ತಿಲ ಬಾಗಿಲಿನಿಂದ ಕೋಳಿಗಳು ಒಳಗೆ ನುಗ್ಗಿದ್ದವು… ಕಟ್ಟಿದ ಹಕ್ಕಿ ಎಲ್ಲಿಗೆ ಓಡೀತು?

ಮಾವಶಿ ಬಂದವರೇ, ಒಳಗಿದ್ದ ಗಂಡನಿಗೆ ಕೇಳಿಸದಂತೆ ದನಿ ತಗ್ಗಿಸಿ ಬೈದರು.

“ನೀವಽ ಅಂದ್ರಲ್ರೀ, ದಾರಾ, ಲಾವಾ ಅಂತ! ಅದಕ್ಕ ಕಟ್ಟೇನ್ರಿ,” ಎಂದು ಅವ್ವ ಅತ್ತಳು.

ಸತ್ತ ಹಕ್ಕಿಯ ಕಾಲಿನ ನೂಲು ನೋಡಿ ಮಾವಶಿಗೆ ಹೊಳೆಯಿತು. ಬೈಗುಳ ಅರ್ಧಕ್ಕೇ ನಿಂತಿತು.

ಮರುದಿನ ಬೆಳಿಗ್ಗೆ, ಲಾವಾ ಯಾಕೆ ಕೂಗಲಿಲ್ಲ ಎಂದು ಗಂಡ ಕೇಳಿದ್ದು ಗೋಡೆಯಾಚೆಯಿಂದ ನಮಗೂ ಕೇಳಿಸಿತು. “ಥಂಡೀ ಆಹೇ,” ಚಳಿ ಇದೆ ಎಂದರು ಮಾವಶಿ. ಬೇಸಿಗೆ ಬರುವ ತನಕ ಆ ಚಳಿಯೇ ನಡೆಯಿತು. ಆಮೇಲೆ ಆತ ಕೇಳುವುದನ್ನೇ ಬಿಟ್ಟ, ತಿಳಿದಿತ್ತೋ ಏನೋ… ಅವ್ವನ ಹೆಸರು ಮಾತ್ರ ಮಾವಶಿ ಎತ್ತಲಿಲ್ಲ. ಅವ್ವ ಅದನ್ನು ಸಾಯುವ ತನಕ ಮರೆಯಲಿಲ್ಲ.

ಗಂಡ ತೀರಿದ ಮೇಲೆ ಮಾವಶಿ ತವರೂರು ಉತ್ತೂರಿಗೆ ಹೊರಟರು. ಗಾಡಿ ಹತ್ತುವಾಗ ಅವ್ವನಿಗೆ, “ವೈನೀ, ಬಾಗಲಾ ಹಾಕ್ಕೋರಿ. ನಾ ಬರತೇನಿ,” ಎಂದರು. ಅಷ್ಟು ಕನ್ನಡ ಕಲಿತಿದ್ದರು. ಬರಲಿಲ್ಲ.

“ಮಾವಶಿ ಹೆಂಗದಾರೋ ಒಮ್ಮೆ ನೋಡಿ ಬಾ,” ಎಂದು ಅವ್ವ ಕೊನೆಗಾಲದಲ್ಲಿ ಹೇಳಿದ್ದಳು. ನಾನೀಗ ಗಡಹಿಂಗ್ಲಜದಲ್ಲಿದ್ದೇನೆ, ಉತ್ತೂರು ದೂರವಲ್ಲ. ಅವ್ವ ಹೋದ ಮೇಲೆ ಹೋಗಿದ್ದೆ. ಕಟ್ಟೆಯ ಮೇಲಿದ್ದ ಹಿರಿಯರು ಯಾರು ಬೇಕೆಂದರು. ಮಾವಶಿ ಎಂದೆ. ಹೆಸರೇನು ಎಂದರು.

ಅದು ಇವತ್ತಿಗೂ ನನಗೆ ಗೊತ್ತಿಲ್ಲ.